ತಗಡಿನ ಮೇಲೆ ಎರಡು ತಟ್ಟು

ಹನುಮಂತನಗರ, ಬೆಂಗಳೂರು
9 ಜುಲೈ 1997

ಮುನಿರಾಜು ಅವರಿಗೆ,

ಮತ್ತೆ ಆ ನಿಂಬೆಹಣ್ಣುಗಳನ್ನು ನಾನು ಎಸೆಯಲಿಲ್ಲ ಎಂದು ಹೇಳುತ್ತಿದ್ದೆ ನೋಡಿ, ಅಷ್ಟರಲ್ಲಿ ನೀವು ಟೀ ಲೋಟ ಅರ್ಧಕ್ಕೇ ಇಟ್ಟು ಎದ್ದುಹೋದಿರಿ. ತಪ್ಪು ನನ್ನದೇ. ಕೋರ್ಟಿನ ಕ್ಯಾಂಟೀನಿನಲ್ಲಿ ದೂರು ಕೊಟ್ಟವನೇ ಬಂದು ಆರೋಪಿಯ ಪಕ್ಕದಲ್ಲಿ ಕೂತು ನಿಂಬೆಹಣ್ಣಿನ ಮಾತು ತೆಗೆದರೆ ಯಾರಿಗಾದರೂ ಹೇಗಾಗಬೇಡ? ಆದರೂ ಶುರು ಮಾಡಿದ್ದನ್ನು ಮುಗಿಸುತ್ತೇನೆ. ಅವತ್ತು ಗಾಂಧಿ ಬಜಾರಿನಲ್ಲಿ ಹನ್ನೆರಡು ಕೊಂಡಿದ್ದೆವು. ಪೊಲೀಸರು ಚೀಲದ ಜೊತೆ ವಾಪಸು ಕೊಟ್ಟದ್ದು ಏಳು. ಅಲಮೇಲು ಇದ್ದಿದ್ದರೆ ಉಪ್ಪಿನಕಾಯಿ ಹಾಕುತ್ತಿದ್ದಳು. ನಾನು ಕಿಟಕಿಯ ಹತ್ತಿರ ಸಾಲಾಗಿ ಇಟ್ಟೆ. ಈಗ ಒಣಗಿ ಗೋಲಿಗಳಾಗಿವೆ.

ಫೆಬ್ರವರಿ ಹನ್ನೊಂದರ ಸಂಜೆ ಆಶ್ರಮದ ಸ್ಟಾಪಿನಲ್ಲಿ ನನ್ನ ಹೆಂಡತಿ ನಿಮ್ಮ ಬಸ್ಸಿನ ಹಿಂಚಕ್ರಕ್ಕೆ ಸಿಕ್ಕಿ ಹೋದಳು. ನೀವು ಡ್ರೈವರು, ನಾನು ದೂರುದಾರ. ಇಷ್ಟೇ ನಮ್ಮಿಬ್ಬರ ಪರಿಚಯ. ಅಷ್ಟಕ್ಕೇ ಕಾಗದ ಬರೆಯುವುದು ಸರಿಯಲ್ಲ ಎಂದು ನನಗೂ ಗೊತ್ತು. ಆದರೆ ನಿನ್ನೆ ನೀವು ಕಾರಿಡಾರಿನಲ್ಲಿ ನಿಮ್ಮ ವಕೀಲರಾದ ಹರಿಣಾಕ್ಷಿಯವರ ಹತ್ತಿರ, "ಸಾಕಾಗೋಯ್ತು ಮೇಡಂ, ಒಪ್ಕೊಂಡ್ಬಿಡ್ಲಾ?" ಎಂದದ್ದು ನನ್ನ ಕಿವಿಗೆ ಬಿತ್ತು. ಅವರು ಹೇಳಿದ್ದೂ ಬಿತ್ತು. ಒಪ್ಪಿಕೊಂಡರೆ ಎರಡು ವರ್ಷದವರೆಗೂ ಶಿಕ್ಷೆ ಆಗಬಹುದು, ಆಗದಿದ್ದರೂ ಕೆಲಸವಂತೂ ಹೋಗುತ್ತದೆ, ಮತ್ತೆ ಸ್ಟೀರಿಂಗ್ ಹಿಡಿಯುವ ಹಾಗಿಲ್ಲ ಎಂದು.

ಒಪ್ಪಿಕೊಳ್ಳಬೇಡಿ. ನಾನು ಇಂಟರ್‌ಮೀಡಿಯೆಟ್ ಓದುವಾಗ ನಮ್ಮ ಲಾಜಿಕ್ ಮೇಷ್ಟ್ರು ಹೇಳುತ್ತಿದ್ದರು, ವಾಟ್ ಈಸ್ ದಿ ಕಾಸ್, ಅಂಡ್ ವಾಟ್ ಈಸ್ ಮಿಯರ್ಲಿ ದಿ... ಕಾಸ್ ಎಂದರೆ ಕಾರಣ, ಆ ಕೊನೆಯ ಪದ ಬಾಯಿಗೆ ಬರುತ್ತಿಲ್ಲ. ನಲವತ್ತೈದು ವರ್ಷವಾಯಿತಲ್ಲ. ನೆನಪಾದರೆ ಬರೆಯುತ್ತೇನೆ.

ಒಂದೇ ಒಂದು ಕೇಳಬೇಕು. ಬಸ್ಸು ಬಿಡುವ ಮುಂಚೆ ನೀವು ಏನು ಕೇಳಿಸಿಕೊಂಡಿರಿ? ಸರಿಯಾಗಿ ನೆನಪಿಸಿಕೊಂಡು ಬರೆಯಿರಿ. ಸಸ್ಪೆಂಡ್ ಆದ ಮೇಲೆ ನೀವು ಮಾವನ ಮನೆಯ ತೋಟ ನೋಡಿಕೊಂಡಿದ್ದೀರೆಂದು ನಿಮ್ಮ ಕಂಡಕ್ಟರ್ ಸೊಣ್ಣಪ್ಪನವರು ವಿಳಾಸ ಕೊಟ್ಟರು. ಮುಂದಿನ ತಾರೀಖು ಆಗಸ್ಟ್ ಇಪ್ಪತ್ತೊಂದು. ಅವತ್ತು ನನ್ನ ಸಾಕ್ಷಿ.

ಇತಿ,
ಬದರೀನಾರಾಯಣ


ಮಾಲೂರು
20-7-97

ಯಜಮಾನರಿಗೆ ನಮಸ್ಕಾರ.

ಕಾಗದ ಬಂತು. ನನ್ನ ಹೆಂಡತಿ ಅಂಜನಮ್ಮ ಓದಬೇಡಿ, ಒಲೆಗೆ ಹಾಕಿ ಅಂದಳು. ಓದಿದೆ.

ನಿಮ್ಮ ದೂರಿನಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂದಿದೆ. ಮೇಡಂ ಓದಿ ಹೇಳಿದರು. ನಿಂತಿದ್ದ ಬಸ್ಸು ಯಜಮಾನರೇ. ಫಸ್ಟ್ ಗೇರಿನಲ್ಲಿ ಹತ್ತು ಹೆಜ್ಜೆ ಹೋಗಿರಲಿಲ್ಲ. ಅದರಲ್ಲಿ ಅತಿವೇಗ ಎಲ್ಲಿಂದ ಬಂತು? ಅದನ್ನು ಬರೆಸಿದವರು ಈಗ ಒಪ್ಪಿಕೊಳ್ಳಬೇಡ ಅನ್ನುತ್ತೀರಿ.

ಏನು ಕೇಳಿಸಿತು ಎಂದರೆ, ರೈಟ್ ಕೇಳಿಸಿತು. ತಗಡಿನ ಮೇಲೆ ಎರಡು ತಟ್ಟು. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೋಗು. ರೂಲ್ ಪ್ರಕಾರ ಕಂಡಕ್ಟರ್ ವಿಷಲ್ ಊದಬೇಕು. ಸಂಜೆ ರಶ್ಶಿನಲ್ಲಿ ಅವನು ಟಿಕೆಟ್ ಹರಿಯುತ್ತಾನೋ, ಚಿಲ್ಲರೆ ಹುಡುಕುತ್ತಾನೋ, ವಿಷಲ್ ಊದುತ್ತಾನೋ? ಕೈ ತಗಡಿಗೆ ಹೋಗುತ್ತದೆ. ಹದಿನಾಲ್ಕು ವರ್ಷ ಹಾಗೇ ಓಡಿಸಿದ್ದೇನೆ. ಕನ್ನಡಿ ನೋಡಿದೆ. ಬಾಗಿಲ ತುಂಬ ಜನ, ನೆಲ ಕಾಣಲಿಲ್ಲ. ರೈಟ್ ಬಂತು, ಬಿಟ್ಟೆ.

ತಟ್ಟಿದ್ದು ಸೊಣ್ಣಪ್ಪ. ಈಗ ತಟ್ಟಲೇ ಇಲ್ಲ ಅನ್ನುತ್ತಾನೆ. ಹನ್ನೊಂದು ವರ್ಷ ಒಂದೇ ಗಾಡಿ, ಒಂದೇ ಬುತ್ತಿ ನಾವಿಬ್ಬರು. ಡಿಪೋ ಎನ್‌ಕ್ವಯರಿಯಲ್ಲಿ ನನ್ನ ಮುಖ ನೋಡದೆ ಹೇಳಿದ. ಅವನ ಹತ್ತಿರ ವಿಳಾಸ ಇಸ್ಕೊಂಡಿದ್ದೀರಿ ಎಂದರೆ ನೀವಿಬ್ಬರೂ ಸೇರಿ ನನ್ನ ಬಾಯಿಂದ ಏನೋ ಬರೆಸಿಕೊಂಡು ಕೋರ್ಟಿಗೆ ಕೊಡಬೇಕು ಅಂತಿದ್ದೀರಿ. ಕೊಡಿ. ನಾನು ಬರೆದದ್ದು ನಿಜ.

ಇನ್ನು ಕಾಗದ ಬರೆಯಬೇಡಿ.

ಮುನಿರಾಜು


ಹನುಮಂತನಗರ
28 ಜುಲೈ 1997

ಮುನಿರಾಜು ಅವರಿಗೆ,

ಬರೆಯಬೇಡಿ ಎಂದಿದ್ದೀರಿ. ಬರೆಯುತ್ತಿದ್ದೇನೆ. ಇದೊಂದು ಸಲ ಕ್ಷಮಿಸಬೇಕು.

ಅತಿವೇಗದ ಮಾತು ನಾನು ಆಡಿದ್ದಲ್ಲ. ಅವತ್ತು ಠಾಣೆಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ರೈಟರು, "ಬಸ್ ಆಕ್ಸಿಡೆಂಟಾ ಸಾರ್? ನೀವು ಸುಮ್ನಿರಿ, ನಾನ್ ಬರ್ಕೋತೀನಿ" ಎಂದು ತಾವೇ ಬರೆದುಕೊಂಡು ಹೋದರು. ಎಲ್ಲ ಬಸ್ಸಿಗೂ ಅದೇ ಸಾಲು ಬರೆಯುತ್ತಾರಂತೆ, ರ್‍ಯಾಶ್ ಅಂಡ್ ನೆಗ್ಲಿಜೆಂಟ್. ಮದುವೆ ಕಾಗದಕ್ಕೆ ಒಂದೇ ಒಕ್ಕಣೆ ಇರುವ ಹಾಗೆ. ನಾನು ಕೆಳಗೆ ರುಜು ಹಾಕಿದೆ. ಮೂವತ್ತಾರು ವರ್ಷ ಸರ್ವೇ ಆಫೀಸಿನಲ್ಲಿ ಓದದೆ ಒಂದು ಕಾಗದಕ್ಕೂ ರುಜು ಹಾಕಿದವನಲ್ಲ. ಅದಕ್ಕೆ ಮಾತ್ರ ಹಾಕಿದೆ. ಯಾಕೆಂದರೆ, ಟು ಬಿ ವೆರಿ ಫ್ರ್ಯಾಂಕ್, ಅವರು ಬರೆದುಕೊಂಡದ್ದು ನನಗೆ ಆಗ ಅನುಕೂಲವಾಗಿಯೇ ಇತ್ತು.

ಅಲಮೇಲುವಿಗೆ ಬಸ್ಸಿನ ಮೆಟ್ಟಿಲು ಎತ್ತರವಾಗುತ್ತಿತ್ತು. ನೋಡಲು ಗಟ್ಟಿಗಿತ್ತಿ. ಕಾಫಿ ಫಿಲ್ಟರಿನ ಮೇಲೆ ನಾನು ಕೈಯಿಟ್ಟರೆ, "ನೀವು ನಕ್ಷೆ ನೋಡ್ಕೊಳ್ಳಿ, ಇದು ನನ್ನ ಇಲಾಖೆ" ಅನ್ನುತ್ತಿದ್ದಳು. ಆದರೆ ಮೊಣಕಾಲು ಕೇಳಬೇಕಲ್ಲ. ಹೆಂಗಸರಿಗೆ ಮುಂದಿನ ಬಾಗಿಲು, ಗಂಡಸರಿಗೆ ಹಿಂದಿನದು. ಹಾಗಾಗಿ ನಾನು ಮುಂದಿನ ಬಾಗಿಲ ಹತ್ತಿರ ನಿಂತು, ಅವಳು ಹತ್ತಿದ ಮೇಲೆ, ಅಲ್ಲಿಂದ ಹಿಂದಿನ ಬಾಗಿಲಿಗೆ ಓಡಿ ಹತ್ತುತ್ತಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ. ಓಡುವಾಗ... ಇರಲಿ. ಹಾಲಿನವನು ಕೂಗುತ್ತಿದ್ದಾನೆ.

ಹಾಲು ಕಾಯಿಸಿಟ್ಟು ಬಂದೆ. ಎಲ್ಲಿದ್ದೆ? ಹೌದು, ಸೊಣ್ಣಪ್ಪ. ನಾವಿಬ್ಬರೂ ಸೇರಿಲ್ಲ. ಡಿಪೋದ ಗೇಟಿನಲ್ಲಿ ಅವರನ್ನು ಹಿಡಿದು ನಿಮ್ಮ ವಿಳಾಸ ಕೇಳಿದಾಗ, "ಅವ್ನು ಹೆಂಗವ್ನೆ ಅಂತ ಒಂದು ಮಾತು ನನಗೂ ತಿಳಿಸಿ ಸಾರ್" ಎಂದರು. ಒಂದು ವಿಷಯ ಮಾತ್ರ ಖಂಡಿತವಾಗಿ ಹೇಳುತ್ತೇನೆ. ಸೊಣ್ಣಪ್ಪ ತಟ್ಟಲಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡಿ, ನಂಬಿ. ಅವರ ಜೊತೆ ಮಾತು ಬಿಡಬೇಡಿ.

ಇಪ್ಪತ್ತೊಂದಕ್ಕೆ ನಾನು ಅತಿವೇಗ ಇರಲಿಲ್ಲವೆಂದೇ ಹೇಳುತ್ತೇನೆ. ಅಷ್ಟು ಸಾಕಾಗುತ್ತದೆ ಎಂದುಕೊಂಡಿದ್ದೇನೆ. ಬೆನಿಫಿಟ್ ಆಫ್ ಡೌಟ್ ಎಂದು ಒಂದು ಇದೆ. ಅನುಮಾನ ಬಂದರೆ ಅದರ ಲಾಭ ಆರೋಪಿಗೆ.

ಇತಿ,
ಬದರೀನಾರಾಯಣ


ಮಾಲೂರು
8-8-97

ಯಜಮಾನರಿಗೆ ಮುನಿರಾಜು ಮಾಡುವ ನಮಸ್ಕಾರಗಳು.

ಹೋದ ಕಾಗದದಲ್ಲಿ ನಿಮ್ಮ ಮೇಲೆ ಕೆಟ್ಟದಾಗಿ ಬರೆದೆ. ಹೆಂಡತಿ ಕಳಕೊಂಡವರು ನೀವು. ನನಗೆ ಎರಡು ಸಲ ಬರೆದಿರಿ. ಬೇರೆ ಯಾರಾಗಿದ್ದರೂ ಕಲ್ಲು ಎಸೆಯುತ್ತಿದ್ದರು.

ನಿಮ್ಮ ಕಾಗದ ಬಂದಾಗಿನಿಂದ ಯೋಚನೆ ಮಾಡಿದೆ. ಸೊಣ್ಣಪ್ಪ ತಟ್ಟಲಿಲ್ಲ ಎಂದು ನೀವು ಅಷ್ಟು ಖಂಡಿತವಾಗಿ ಬರೆದಿದ್ದೀರಿ. ನೀವು ಕೆಳಗೆ ನಿಂತು ನೋಡಿದವರು. ನಿಮಗೆ ಅವನ ಪರ ಸುಳ್ಳು ಹೇಳಬೇಕಾದ್ದೇನೂ ಇಲ್ಲ. ಹಾಗಾದರೆ ಸೊಣ್ಣಪ್ಪ ತಟ್ಟಲಿಲ್ಲ. ಸೊಣ್ಣಪ್ಪ ತಟ್ಟಲಿಲ್ಲ ಎಂದರೆ ಯಾರೂ ತಟ್ಟಲಿಲ್ಲ.

ಯಜಮಾನರೇ, ನನಗೆ ಕೇಳಿಸಿತಲ್ಲ, ಅದು ಏನು? ಆರು ತಿಂಗಳಿಂದ ಅದೇ ಶಬ್ದ ತಲೆಯಲ್ಲಿ. ಸೊಪ್ಪು ಕಟ್ಟುವಾಗ ಬುಟ್ಟಿಗೆ ಕೈ ತಾಗಿದರೂ ಬೆಚ್ಚುತ್ತೇನೆ. ಮೊದಲು ಸರಿಯಾಗಿ ನೆನಪಿತ್ತು, ಎಡಗಡೆ, ಮುಂದೆ, ಎರಡು. ಈಗ ನೆನಪಿಸಿಕೊಂಡರೆ ಒಂದು ಸಲ ಹಿಂದಿನಿಂದ ಬರುತ್ತದೆ, ಒಂದು ಸಲ ಮೇಲಿನಿಂದ. ನನ್ನ ಕಿವಿ ತಾನೇ ಮಾಡಿಕೊಂಡ ಶಬ್ದ ಅದು. ಸಂಜೆ ಐದನೇ ಟ್ರಿಪ್ಪು, ಮನೆಗೆ ಹೋಗುವ ಅವಸರ, ಇಲ್ಲದ್ದು ಕೇಳಿಸಿರಬೇಕು. ಇಲ್ಲದ ರೈಟ್ ಕೇಳಿಸಿಕೊಳ್ಳುವವನು ಸ್ಟೀರಿಂಗ್ ಮುಂದೆ ಕೂರಬಾರದು. ನಾಳೆ ಇನ್ನೊಬ್ಬರ ಮನೆಯವರು ಸಿಗುತ್ತಾರೆ.

ಹಂಗಾಗಿ ಇಪ್ಪತ್ತೊಂದಕ್ಕೆ ನಿಮ್ಮನ್ನು ಕಟಕಟೆ ಹತ್ತಿಸುವ ಮುಂಚೆಯೇ ನಾನು ತಪ್ಪು ಒಪ್ಪಿಕೊಳ್ಳುತ್ತೇನೆ. ನೀವು ಅಷ್ಟು ಜನದ ಮುಂದೆ ಅದನ್ನೆಲ್ಲ ಮತ್ತೆ ಹೇಳುವ ಹಾಗಾಗಬಾರದು. ಮೇಡಂಗೆ ಇನ್ನೂ ಹೇಳಿಲ್ಲ, ಬೈಯುತ್ತಾರೆ. ಅಂಜನಮ್ಮನಿಗೆ ಹೇಳಿದೆ. ಎರಡು ದಿನದಿಂದ ಮಾತಾಡಿಲ್ಲ.

ನಿಮ್ಮ ಕಾಗದದಿಂದ ಮನಸ್ಸು ಒಂದು ಕಡೆಗೆ ಬಂತು. ಅಮ್ಮನವರ ಫೋಟೋಗೆ ನನ್ನದೊಂದು ನಮಸ್ಕಾರ ಮಾಡಿ.

ಮುನಿರಾಜು


ಹನುಮಂತನಗರ
11 ಆಗಸ್ಟ್ 1997
ರಿಜಿಸ್ಟರ್ಡ್

ಮುನಿರಾಜು,

ನಿಮ್ಮ ಕಿವಿ ಸರಿಯಾಗಿದೆ. ಎಡಗಡೆ, ಮುಂದೆ, ಎರಡು. ತಟ್ಟಿದವನು ನಾನು.

ಈ ಎರಡು ಸಾಲನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಬರೆಯಲು ಕೂತದ್ದೇ ಅದಕ್ಕೆ. ನಿಂಬೆಹಣ್ಣು ಬರೆದೆ, ಲಾಜಿಕ್ ಮೇಷ್ಟ್ರನ್ನು ಬರೆದೆ, ಇದನ್ನು ಬರೆಯಲಿಲ್ಲ. ಸೊಣ್ಣಪ್ಪ ತಟ್ಟಲಿಲ್ಲ ಎಂದು ಅರ್ಧ ಸತ್ಯ ಹೇಳಿ ಕೈ ತೊಳೆದುಕೊಂಡೆ. ಅದನ್ನು ಹಿಡಿದುಕೊಂಡು ನೀವು ನಿಮ್ಮ ಮೇಲೆಯೇ ಗಾಡಿ ಹತ್ತಿಸಿಕೊಳ್ಳಲು ಹೊರಟಿದ್ದೀರಿ.

ಅವಳು ಹತ್ತಿದ ಮೇಲೆ ನಾನು ಬಾಗಿಲ ಪಕ್ಕದ ತಗಡಿನ ಮೇಲೆ ಎರಡು ತಟ್ಟುತ್ತಿದ್ದೆ. ಹತ್ತಾಯಿತು, ಹೊರಡಬಹುದು ಎಂದು. ಬಸ್ಸು ಮೆಲ್ಲಗೆ ಹೊರಡುವಾಗ ಹಿಂದಿನ ಬಾಗಿಲ ಕಂಬಿ ಹಿಡಿದು ಹತ್ತುತ್ತಿದ್ದೆ. ಅದೊಂದು ಜಂಬ ನನಗೆ. ಅಲಮೇಲು ಬೈಯುತ್ತಿದ್ದಳು, "ನಿಮ್ಮನ್ನ ಯಾರು ಕಂಡಕ್ಟರ್ ಮಾಡಿದ್ದು? ಸಂಬಳ ಎಷ್ಟು ಕೊಡ್ತಾರೆ?" ಎಂದು. ಅವತ್ತು ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟದ್ದನ್ನು ನೋಡಿದೆ. ಕಣ್ಣು ಹಿಂದಿನ ಬಾಗಿಲ ಕಡೆ ತಿರುಗಿಸಿದೆ, ಅಲ್ಲಿ ಜಾಗ ಇದೆಯೇ ಎಂದು. ಕೈ ತಟ್ಟಿತು. ಚೀಲದಿಂದ ನಿಂಬೆಹಣ್ಣು ಉರುಳಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಇಟ್ಟ ಕಾಲನ್ನು ಮತ್ತೆ ಕೆಳಗಿಳಿಸಿದ್ದಳು. ನಾನು ನೋಡಲಿಲ್ಲ.

ಆ ಪದ ನೆನಪಾಯಿತು. ಅಕೇಷನ್. ಕಾರಣವೇ ಬೇರೆ, ನಿಮಿತ್ತವೇ ಬೇರೆ ಎಂದು ಮೇಷ್ಟ್ರು ಹೇಳುತ್ತಿದ್ದುದು. ನಿಮ್ಮ ಬಸ್ಸು ನಿಮಿತ್ತ.

ನಿಮ್ಮ ಕಾಗದ ಬೆಳಿಗ್ಗೆ ಬಂತು. ಬಂದ ಕೂಡಲೇ ಚಾಮರಾಜಪೇಟೆಗೆ ಹರಿಣಾಕ್ಷಿಯವರ ಆಫೀಸಿಗೆ ಹೋದೆ. ಬಾಯಿ ತೆರೆಯಲು ಬಿಡಲಿಲ್ಲ. "ಸಾರ್, ನೀವು ಎದುರು ಕಡೆಯ ಸಾಕ್ಷಿ. ನನ್ನ ಹತ್ರ ಏನೂ ಹೇಳ್ಬೇಡಿ. ನಾನೇ ಹೇಳ್ಕೊಟ್ಟೆ ಅಂತಾರೆ. ಏನಿದ್ರೂ ಕಟಕಟೆಲಿ ಹೇಳಿ, ಈಗ ಹೊರಡಿ" ಎಂದರು. ಒಂದು ಲೋಟ ನೀರಾದರೂ ಕೊಡಿ ಎಂದೆ. "ಅದೂ ಬೇಡ, ಪಕ್ಕದ ಹೋಟ್ಲಲ್ಲಿ ಕುಡೀರಿ" ಎಂದರು. ಕೆಲಸ ಗೊತ್ತಿರುವ ಹೆಣ್ಣುಮಗಳು.

ನನಗೆ ಒಬ್ಬಳೇ ಮಗಳು, ರಂಗನಾಯಕಿ, ತ್ಯಾಗರಾಜನಗರದಲ್ಲಿದ್ದಾಳೆ. ಪ್ರತಿ ತಾರೀಖಿಗೂ ನನ್ನ ಜೊತೆ ಬರುತ್ತಾಳೆ. ನಿಮಗೆ ಶಿಕ್ಷೆ ಆಗುವುದನ್ನು ಕಣ್ಣಾರೆ ನೋಡಬೇಕಂತೆ. ಅವಳಿಗೆ ಇದು ಗೊತ್ತಿಲ್ಲ. ಆರು ತಿಂಗಳು ನಾನು ಸುಮ್ಮನಿದ್ದದ್ದು ಪೊಲೀಸರ ಹೆದರಿಕೆಗಲ್ಲ, ಅವಳಿಗೆ ಹೆದರಿ.

ಒಪ್ಪಿಕೊಳ್ಳಬೇಡಿ. ನೀವು ಒಪ್ಪಿಕೊಂಡರೆ ನನ್ನನ್ನು ಕಟಕಟೆಗೆ ಕರೆಯುವುದೇ ಇಲ್ಲ. ಈ ಕಾಗದ ಜೋಪಾನವಾಗಿಡಿ.

ಬದರೀನಾರಾಯಣ


ಮಾಲೂರು
16-8-97

ಬದರೀನಾರಾಯಣ ಅವರಿಗೆ,

ರಿಜಿಸ್ಟರ್ ಕಾಗದ ಮುಟ್ಟಿತು.

ಮೂರು ದಿನ ಬರೆಯಲಿಲ್ಲ, ಬರೆದರೆ ಕೆಟ್ಟ ಮಾತು ಬರುತ್ತಿತ್ತು. ಈಗಲೂ ಬರುತ್ತದೆ. ನನ್ನ ಮಗಳು ಸ್ಕೂಲಿನಲ್ಲಿ ಡ್ರೈವರ್ ಮಗಳು ಅನ್ನಿಸಿಕೊಳ್ಳುತ್ತಿದ್ದಳು, ಆಮೇಲೆ ಬೇರೆ ಏನೋ ಅನ್ನಿಸಿಕೊಂಡಳು. ನನಗೆ ಹುಚ್ಚು ಹಿಡಿಯಿತು ಎಂದುಕೊಂಡೆ. ನೀವು ಅಷ್ಟೂ ದಿನ ಕಿಟಕಿಯಲ್ಲಿ ನಿಂಬೆಹಣ್ಣು ಜೋಡಿಸಿಕೊಂಡು ಕೂತಿದ್ದಿರಿ.

ನಿನ್ನೆ ಬೆಂಗಳೂರಿಗೆ ಹೋಗಿದ್ದೆ. ಶ್ರೀರಾಂಪುರದಲ್ಲಿ ಸೊಣ್ಣಪ್ಪನ ಮನೆಗೆ. ಆಗಸ್ಟ್ ಹದಿನೈದು, ರಜ ಇರುತ್ತಾನೆ ಎಂದು. ಬಾಗಿಲು ತೆಗೆದವನೇ, "ಏನ್ ಗುರು, ಹೊಡಿಯಕ್ ಬಂದ್ಯಾ?" ಅಂದ. "ನೀನು ತಟ್ಲಿಲ್ಲ ಕಣೋ" ಅಂದೆ. "ಅದನ್ನೇ ಆರು ತಿಂಗಳಿಂದ ಬಡ್ಕೋತಿದೀನಲ್ಲೋ ಮಗಾ" ಅಂತ ಅಳುವುದಕ್ಕೆ ಶುರು ಮಾಡಿದ. ಅವನ ಹೆಂಡತಿ ಇಬ್ಬರಿಗೂ ತಟ್ಟೆ ಹಾಕಿದಳು.

ಮೇಡಂಗೆ ನಿಮ್ಮ ಕಾಗದ ಕೊಟ್ಟೆ. ಓದಿ ಮಡಿಸಿ ಹೇಳಿದರು, ಇದು ಸಾಲದು, ಸಾಕ್ಷಿ ಬಾಯಲ್ಲಿ ಬರಬೇಕು, ಪ್ರಾಸಿಕ್ಯೂಟರ್ ಅವರನ್ನು ಸುಮ್ಮನೆ ಬಿಡುವುದಿಲ್ಲ ಎಂದು. ಎಷ್ಟೋ ಜನ ಮನೆಯಲ್ಲಿ ಒಂದು ಹೇಳುತ್ತಾರೆ, ಜಡ್ಜ್ ಮುಂದೆ ನಿಂತರೆ ಬಾಯಿ ಒಣಗಿ ಇನ್ನೊಂದು ಹೇಳುತ್ತಾರಂತೆ.

ಅದಕ್ಕೇ ಕೇಳುತ್ತಿದ್ದೇನೆ. ಕಾಗದದಲ್ಲಿ ತಟ್ಟಿದ್ದೀರಿ. ಮಗಳ ಎದುರಿಗೆ ತಟ್ಟುತ್ತೀರಾ?

ನಾನು ಒಪ್ಪಿಕೊಳ್ಳುವುದಿಲ್ಲ.

ಮುನಿರಾಜು


ಹನುಮಂತನಗರ
22 ಆಗಸ್ಟ್ 1997

ಪ್ರಿಯ ಮುನಿರಾಜು,

ಅದೇ ಹೇಳುತ್ತಿದ್ದೆ, ನಿನ್ನೆ ಕೋರ್ಟಿನ ಗೇಟಿನಲ್ಲಿ ನಿಮ್ಮ ಕೈ ಹಿಡಿದುಕೊಂಡು. ಅಷ್ಟರಲ್ಲಿ ರಂಗನಾಯಕಿ ಆಚೆ ಬಂದಳು, ಮಾತು ನಿಂತಿತು. ಒಳಗೆ ನಾನು ಸಾಕ್ಷಿ ಹೇಳುವಾಗ ನೀವು ತಲೆ ತಗ್ಗಿಸಿ ನಿಂತಿದ್ದಿರಿ. ನಾನು ನೋಡಿದ್ದನ್ನು ನಿಮಗೆ ಹೇಳಬೇಕು. ಕ್ರಮವಾಗಿ ಬರೆಯುತ್ತೇನೆ.

ಪ್ರಾಸಿಕ್ಯೂಟರು ಮೊದಲು ಚೆನ್ನಾಗಿಯೇ ಕೇಳಿದರು. ಹೆಸರು, ವಯಸ್ಸು, ಸ್ಟಾಪು. ಆಮೇಲೆ, ಬಸ್ಸು ಅತಿವೇಗದಲ್ಲಿತ್ತಲ್ಲವೇ ಎಂದರು. ನಿಂತಿತ್ತು ಎಂದೆ. ಹಾಗಾದರೆ ಯಾಕೆ ಹೊರಟಿತು ಎಂದರು. ನಾನು ತಟ್ಟಿದ್ದಕ್ಕೆ ಹೊರಟಿತು ಎಂದೆ. ಬಾಯಿ ಒಣಗಿತ್ತು, ನಿಜ. ನಿಮ್ಮ ಮೇಡಂ ಸರಿಯಾಗಿಯೇ ಹೇಳಿದ್ದರು. ಆದರೆ ಮಾತು ಹೊರಗೆ ಬಂತು. ಹಿಂದೆ ಬೆಂಚಿನಲ್ಲಿ ಯಾರೋ ಎದ್ದು ನಿಂತ ಸದ್ದಾಯಿತು. ಯಾರೆಂದು ಗೊತ್ತಿತ್ತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಗಿಸಲು ಆಗುತ್ತಿರಲಿಲ್ಲ.

ಪ್ರಾಸಿಕ್ಯೂಟರು ನನ್ನನ್ನು ಹಾಸ್ಟೈಲ್ ಎಂದು ಘೋಷಿಸಬೇಕೆಂದು ಕೇಳಿದರು. ನನಗೆ ಆ ಪದ ಗೊತ್ತು, ನಾನು ಯಾರ ಶತ್ರುವೂ ಅಲ್ಲ ಸ್ವಾಮಿ ಎಂದೆ. ಮ್ಯಾಜಿಸ್ಟ್ರೇಟರು, "ಅದು ಕೋರ್ಟ್ ಮಾತು ಯಜಮಾನ್ರೇ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಆಮೇಲೆ ಶುರುವಾಯಿತು. ಡ್ರೈವರ್ ಕಡೆಯವರು ನಿಮ್ಮನ್ನು ಒಲಿಸಿಕೊಂಡಿದ್ದಾರೆ, ಅಲ್ಲವೇ? ಅಲ್ಲ. ಅವರಿಗೆ ಕಾಗದ ಬರೆದಿದ್ದೀರಾ? ಬರೆದಿದ್ದೇನೆ, ನಾಲ್ಕನೆಯದು ಇನ್ನೂ ಬಾಕಿ ಇದೆ. ಯಾರೋ ನಕ್ಕರು. ವಿಷಲ್ ಬಾರದೆ ಬಸ್ಸು ಬಿಡಬಾರದು ಎಂಬ ನಿಯಮ ಇದೆಯೋ ಇಲ್ಲವೋ? ಇದೆ ಸ್ವಾಮಿ. ನೀವು ಕೊನೆಯ ಸಲ ಸಂಜೆ ಬಸ್ಸು ಹತ್ತಿದ್ದು ಯಾವಾಗ ಎಂದು ನಾನೇ ಅವರನ್ನು ಕೇಳಿಬಿಟ್ಟೆ. ಸಾಕ್ಷಿ ಪ್ರಶ್ನೆ ಕೇಳುವ ಹಾಗಿಲ್ಲವಂತೆ. ಕೊನೆಗೆ ದನಿ ತಗ್ಗಿಸಿ, "ನೀವೀಗ ಹೇಳ್ತಿರೋದು ನಿಮ್ಮ ಮೇಲೇ ಬರಬಹುದು, ಗೊತ್ತಾ?" ಎಂದರು. ಬರಲಿ, ಅದನ್ನು ಬರೆದುಕೊಳ್ಳಿ, ಈ ಸಲ ಓದಿ ರುಜು ಹಾಕುತ್ತೇನೆ ಎಂದೆ.

ಆಮೇಲೆ ಹರಿಣಾಕ್ಷಿಯವರು ಎದ್ದರು. ನನ್ನ ಮುಖ ಪರಿಚಯವೇ ಇಲ್ಲದವರ ಹಾಗೆ ಒಂದೇ ಪ್ರಶ್ನೆ. "ಹೇಗೆ ತಟ್ಟಿದ್ರಿ? ತೋರಿಸಿ."

ಕಟಕಟೆಯ ಪಕ್ಕಕ್ಕೆ ಹಳೆಯ ಕಬ್ಬಿಣದ ಬೀರು ಇತ್ತು ನೋಡಿ, ಫೈಲು ತುಂಬಿದ್ದು. ಅದರ ಮೇಲೆ ಅಂಗೈ ಇಟ್ಟೆ. ಆರು ತಿಂಗಳಿಂದ ಈ ಕೈಯನ್ನು ಯಾವುದಕ್ಕೂ ತಟ್ಟಿರಲಿಲ್ಲ, ಮಗಳ ಮನೆಯ ಬಾಗಿಲಿಗೂ ಬೆಲ್ಲೇ ಒತ್ತುತ್ತಿದ್ದೆ. ತಟ್ಟಿದೆ. ಎರಡು.

ನೀವು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದಿರಿ. ನಿಮ್ಮ ಎಡಗಾಲು, ಹಿಮ್ಮಡಿ ನೆಲದಲ್ಲೇ ಊರಿದ್ದ ಹಾಗೆ, ಮುಂಗಾಲು ಮೆಲ್ಲಗೆ ಮೇಲಕ್ಕೆ ಬಂತು. ಕ್ಲಚ್ ಬಿಡುವ ಹಾಗೆ. ಬಲಗಾಲು ಅದೇ ಹೊತ್ತಿಗೆ ಒತ್ತಿತು. ನಿಮಗೆ ಗೊತ್ತಾಗಲಿಲ್ಲ. ನನಗೆ ಕಂಡಿತು. ಮ್ಯಾಜಿಸ್ಟ್ರೇಟರಿಗೂ ಕಂಡಿತು. ಕನ್ನಡಕ ತೆಗೆದು, "ಏನ್ರೀ ಮುನಿರಾಜು, ಕಾಲು ಯಾಕೆ ಎತ್ತಿದ್ರಿ?" ಎಂದರು. ನೀವು ಗಾಬರಿಯಲ್ಲಿ ಅತ್ತಿತ್ತ ನೋಡಿ ಹೇಳಿದಿರಿ, "ರೈಟ್ ಬಂತಲ್ಲ ಸ್ವಾಮಿ."

ಮ್ಯಾಜಿಸ್ಟ್ರೇಟರು ಟೈಪಿಸ್ಟರ ಕಡೆ ತಿರುಗಿದರು. "ಅದನ್ನ ಹಂಗೇ ಬರ್ಕೊಳ್ರಿ" ಎಂದರು. ಟೈಪ್ ಮಿಷನ್ ಶುರುವಾಯಿತು. ಆ ಸಾಲನ್ನು ಹೊಡೆದದ್ದು ಪೂರ್ತಿ ಕೇಳಿಸಿಕೊಂಡೆ.

ಕೇಸು ಮುಗಿದಿಲ್ಲ, ಗೊತ್ತು. ಸೆಪ್ಟೆಂಬರ್ ಹನ್ನೊಂದಕ್ಕೆ ಸೊಣ್ಣಪ್ಪನವರ ಸಾಕ್ಷಿ. ವಿಷಲಿನ ನಿಯಮ ಹಿಡಿದು ಪ್ರಾಸಿಕ್ಯೂಟರು ಇನ್ನೂ ಎಳೆಯುತ್ತಾರೆ. ಎಳೆಯಲಿ. ನಿಮ್ಮ ಕಿವಿಯ ಮೇಲೆ ನಿಮಗೆ ಮತ್ತೆ ಅನುಮಾನ ಬಂದರೆ ಆ ಎಡಗಾಲನ್ನು ನೆನೆಸಿಕೊಳ್ಳಿ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ನೀವು ಕೇಳಿದ್ದಿರಿ, ಮಗಳ ಎದುರಿಗೆ ಎಂದು. ಗೇಟಿನಿಂದ ಸ್ಟಾಪಿನವರೆಗೂ ಅವಳು ಎರಡು ಹೆಜ್ಜೆ ಮುಂದೆ ನಡೆದಳು. ಆಟೋದಲ್ಲಿ ಹೋಗೋಣವೇ ಎಂದೆ, ಕೇಳಿಸಲಿಲ್ಲವೇನೋ. ಬಸ್ಸು ಬಂತು. ಮುಂದಿನ ಬಾಗಿಲು ಅವಳ ಎದುರಿಗೇ ಬಂದು ನಿಂತಿತು, ಹತ್ತಲಿಲ್ಲ. ಹಿಂದಕ್ಕೆ ಬಂದು ನನ್ನ ಬಲಗೈಯ ಮಣಿಕಟ್ಟು ಹಿಡಿದಳು, ಗಟ್ಟಿಯಾಗಿ, ನೋವಾಗುವ ಹಾಗೆ. ಗಂಡಸರ ಬಾಗಿಲಿನಲ್ಲಿ ನನ್ನ ಜೊತೆಯೇ ಹತ್ತಿದಳು. ಕಂಡಕ್ಟರ್, "ಮೇಡಂ, ಮುಂದೆ ಲೇಡೀಸ್" ಎಂದ. "ನೀವು ಟಿಕೆಟ್ ಕೊಡಿ" ಎಂದಳು. ಅದು ಕೋಪವೋ, ಬೇರೆ ಏನೋ, ನನಗೆ ತಿಳಿಯಲಿಲ್ಲ. ಮನೆಯ ಮೆಟ್ಟಿಲ ತನಕ ಬಿಡಲಿಲ್ಲ. ಇವತ್ತು ಮಧ್ಯಾಹ್ನ ಬಂದು ಕಿಟಕಿಯ ಏಳು ನಿಂಬೆಹಣ್ಣನ್ನೂ ಸೆರಗಿಗೆ ಹಾಕಿಕೊಂಡು ಹೋದಳು. ಏನು ಮಾಡುತ್ತಾಳೆಂದು ಕೇಳಲಿಲ್ಲ.

ಹನ್ನೊಂದಕ್ಕೆ ಬರುತ್ತೇನೆ. ನನ್ನನ್ನು ಕರೆದಿಲ್ಲ, ಆದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬಸ್ಸಿನಲ್ಲೇ ಬರುತ್ತೇನೆ. ನೀವು ಬೇಗ ಬಂದರೆ ಕ್ಯಾಂಟೀನಿನಲ್ಲಿ ಆ ಅರ್ಧ ಲೋಟ ಟೀ...

ಇಷ್ಟು ಬರೆಯುವುದರಲ್ಲಿ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ಗೆರೆ ಕಾಣುತ್ತಿಲ್ಲ, ನಿಲ್ಲಿಸುತ್ತೇನೆ.

ಬದರೀನಾರಾಯಣ